ಸೀಸದ ಸಿಪಾಯಿಯ ಹುಟ್ಟು ಮತ್ತು ಮುಪ್ಪು

ಡೆನ್ಮಾರ್ಕಿನ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1838ರಲ್ಲಿ ಪ್ರಕಟಿಸಿದ ಒಂದು ಮಕ್ಕಳ ಕಥೆಯಲ್ಲಿ ಇಪ್ಪತ್ತೈದು ಮಂದಿ ಆಟದ ಸಿಪಾಯಿಗಳು ಬರುತ್ತಾರೆ. ಹಳೆಯ ತವರದ ಚಮಚವೊಂದನ್ನು ಕರಗಿಸಿ ಅವರನ್ನು ಎರಕ ಹೊಯ್ಯಲಾಗಿತ್ತು. ಆದುದರಿಂದ ಅವರೆಲ್ಲರೂ ಅಣ್ಣತಮ್ಮಂದಿರು. ಕಡೆಯವನ ಸರದಿ ಬಂದಾಗ ತವರವು ಸಾಲದೆ ಹೋದುದರಿಂದ ಅವನಿಗೆ ಒಂದೇ ಕಾಲು. ಅವನು ಬಹು ಕಷ್ಟಗಳನ್ನು ಪಟ್ಟು ಕೊನೆಗೆ ಒಲೆಯ ಬೆಂಕಿಗೆ ಬೀಳುತ್ತಾನೆ. ಮರುದಿನ ಬೂದಿಯಲ್ಲಿ ಹೃದಯದ ಆಕಾರದ ಒಂದು ತವರದ ತುಣುಕು ಮಾತ್ರ ಸಿಕ್ಕುತ್ತದೆ. ಮಕ್ಕಳ ಕಣ್ಣಿನಲ್ಲಿ ನೀರು ತರಿಸುವ ಈ ಕಥೆಯನ್ನು ಭೌತಶಾಸ್ತ್ರವನ್ನು ಬೋಧಿಸುವ ನಮ್ಮಂಥವರು ಓದಿದಾಗ ಬೇರೊಂದು ಸಂಗತಿಯೂ ಮನಸ್ಸಿಗೆ ಹೊಳೆಯುತ್ತದೆ. ಲೋಹವು ಅಚ್ಚನ್ನು ತುಂಬದೆ ಬೊಂಬೆಯು ಅಂಗಹೀನವಾಗುವುದು, ಒಲೆಯ ಕಾವಿಗೇ ಅದು ಕರಗಿಹೋಗುವುದು, ಇವೆರಡೂ ಎರಕದವನು ದಿನವೂ ಕಾಣುತ್ತಿದ್ದ ಸತ್ಯಗಳು. ಆಟದ ಸಿಪಾಯಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವನ ಸಮವಸ್ತ್ರದ ಬಣ್ಣವನ್ನೂ ರೆಜಿಮೆಂಟಿನ ಹೆಸರನ್ನೂ ಕುರಿತು ಹೇಳುತ್ತಾರೆ. ಆದರೆ ಅವನು ಚಪ್ಪಟೆಯಾಗಿ ಹುಟ್ಟಿದುದು, ಅನಂತರ ಮೈತುಂಬಿಕೊಂಡುದು, ಆಮೇಲೆ ಒಳಗೆ ಟೊಳ್ಳಾದುದು, ಈಗ ಸಂಗ್ರಾಹಕರ ಬೀರುಗಳಲ್ಲಿ ಬಿಳಿಯ ಪುಡಿಯಾಗಿ ಉದುರುತ್ತಿರುವುದು, ಇವೆಲ್ಲಕ್ಕೂ ಕಾರಣವನ್ನು ಲೋಹದ ಗುಣದಲ್ಲಿಯೇ ಹುಡುಕಬೇಕು.

ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವನನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಪಾತ್ರೆಯನ್ನು ಇದ್ದಲ ಬೆಂಕಿಯಲ್ಲಿ ಕಾಯಿಸಿ, ನವಸಾಗರದ ಪುಡಿಯನ್ನು ಉದುರಿಸಿ, ತವರದ ಕಡ್ಡಿಯನ್ನು ಒಳಮೈಗೆ ಮುಟ್ಟಿಸಿದೊಡನೆಯೇ ಅದು ನೀರಾಗಿ ಹರಿಯುತ್ತದೆ. ಹತ್ತಿಯಿಂದ ಬಳಿದರೆ ಪಾತ್ರೆಯು ಬೆಳ್ಳಿಯಂತೆ ಹೊಳೆಯುತ್ತದೆ. ತಾಮ್ರವು ಕರಗಬೇಕಾದರೆ 1,085 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಸೀಸಕ್ಕೆ 327 ಡಿಗ್ರಿ ಸಾಕು, ತವರಕ್ಕೆ 232. ವಿಚಿತ್ರವೆಂದರೆ, ಈ ಎರಡನ್ನೂ ಬೆರಸಿದರೆ ಮಿಶ್ರಲೋಹವು ಇನ್ನೂ ಬೇಗ ಕರಗುತ್ತದೆ. ತೂಕದಲ್ಲಿ ತವರ 62 ಪಾಲು, ಸೀಸ 38 ಪಾಲು ಇದ್ದರೆ 183 ಡಿಗ್ರಿಯಲ್ಲಿಯೇ ಅದು ದ್ರವವಾಗುತ್ತದೆ. ರೇಡಿಯೋ ರಿಪೇರಿಯವನ ಬೆಸುಗೆಯ ತಂತಿಯು ಬಹುಕಾಲ ಇದೇ ಆಗಿತ್ತು. ಕಮ್ಮಾರನ ಕುಲುಮೆಯಿಲ್ಲದೆ, ಒಂದು ಒಲೆ ಮತ್ತು ಒಂದು ಸೌಟಿನಿಂದ ಸೈನ್ಯವನ್ನು ಹುಟ್ಟಿಸಲು ಸಾಧ್ಯವಾದುದು ಈ ಗುಣದಿಂದಲೇ.

ಸೈನಿಕರ ಚಿಕ್ಕ ಪ್ರತಿಮೆಗಳನ್ನು ಮಾಡುವ ರೂಢಿಯು ಲೋಹದ ಬೊಂಬೆಗಳಿಗಿಂತ ಬಹು ಹಳೆಯದು. ಈಜಿಪ್ಟಿನ ಅಸ್ಯೂಟ್ ಎಂಬಲ್ಲಿ ಮೆಸೆಹ್ತಿ ಎಂಬ ಅಧಿಕಾರಿಯ ಗೋರಿಯಲ್ಲಿ ದೊರೆತ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಮರದ ಪ್ರತಿಮೆಗಳಲ್ಲಿ ಈಟಿ ಹಿಡಿದ ನಲವತ್ತು ಮಂದಿ ಈಜಿಪ್ಟಿನವರೂ ಬಿಲ್ಲು ಹಿಡಿದ ನಲವತ್ತು ಮಂದಿ ನ್ಯೂಬಿಯದವರೂ ಸಾಲುಗಟ್ಟಿ ನಡೆಯುತ್ತಿದ್ದಾರೆ. ಆದರೆ ಅವು ಆಟಿಕೆಗಳಲ್ಲ. ಸತ್ತ ಒಡೆಯನನ್ನು ಪರಲೋಕದಲ್ಲಿ ಕಾಯಬೇಕಾದ ಕಾವಲುಗಾರರು. ನಮ್ಮ ಬೊಂಬೆಯ ಹಬ್ಬದ ಮೆಟ್ಟಿಲುಗಳ ಮೇಲೆ ಜಂಬೂಸವಾರಿಯ ಮುಂದೆ ನಡೆಯುವ ಮರದ ಸಿಪಾಯಿಗಳನ್ನೂ ಮಕ್ಕಳು ಮುಟ್ಟಿದರೆ ಹಿರಿಯರು ಗದರಿಸುತ್ತಾರಲ್ಲವೇ? ಮಕ್ಕಳ ಕೈಗೆ ಧಾರಾಳವಾಗಿ ಕೊಡಬಹುದಾದಷ್ಟು ಅಗ್ಗವಾಗಿ ಸಿಪಾಯಿಯನ್ನು ಮಾಡಿದವರು ಹದಿನೆಂಟನೆಯ ಶತಮಾನದ ಜರ್ಮನರು.

ನೂರೆಂಬರ್ಗ್ ನಗರದಲ್ಲಿ ತವರದ ತಟ್ಟೆ, ಲೋಟಗಳನ್ನು ಎರಕ ಹೊಯ್ಯುವ ಕಸುಬಿನವರು ಬಹು ಮಂದಿ ಇದ್ದರು. ಪ್ರಷ್ಯದ ರಾಜ ಮಹಾ ಫ್ರೆಡರಿಕನ ಯುದ್ಧಗಳು ಮನೆಮನೆಯ ಮಾತಾಗಿದ್ದ ಕಾಲ ಅದು. ಅಲ್ಲಿನ ಯೋಹಾನ್ ಗಾಟ್‌ಫ್ರೀಡ್ ಹಿಲ್ಪರ್ಟ್ ಎಂಬ ಕುಶಲಿಯು ಆ ಸೈನ್ಯದ ಬೊಂಬೆಗಳನ್ನು ಮಾಡಿ ಹೆಸರು ಪಡೆದನು. ಅವನು 1777ರಲ್ಲಿ ಮಾಡಿದ ಫ್ರೆಡರಿಕನ ಬೊಂಬೆಯು ಸಂಗ್ರಾಹಕರಲ್ಲಿ ಇಂದಿಗೂ ಪ್ರಸಿದ್ಧವಾಗಿದೆ. ಈ ಬೊಂಬೆಗಳು ಕಾಗದದಲ್ಲಿ ಕತ್ತರಿಸಿದ ಚಿತ್ರಗಳಂತೆ ಚಪ್ಪಟೆ. ಪಕ್ಕದಿಂದ ನೋಡಿದರೆ ಮುಖದ ಮೀಸೆಯೂ ಕೋಟಿನ ಗುಂಡಿಯೂ ಕಾಣುತ್ತವೆ. ಎದುರಿನಿಂದ ನೋಡಿದರೆ ಒಂದು ಗೆರೆ ಮಾತ್ರ. ಅಚ್ಚನ್ನು ಕೊರೆಯುತ್ತಿದ್ದುದು ನಾವು ಬಾಲ್ಯದಲ್ಲಿ ಅಕ್ಷರ ತಿದ್ದಿದ ಸ್ಲೇಟಿನ ಕಲ್ಲಿನಲ್ಲಿಯೇ. ಇದು ಆಕಸ್ಮಿಕವಲ್ಲ. ಸ್ಲೇಟಿನ ಕಣಗಳು ಅತಿ ಸೂಕ್ಷ್ಮವಾದುದರಿಂದ ಕೂದಲಿನಷ್ಟು ತೆಳುವಾದ ಗೆರೆಯನ್ನೂ ಅದರಲ್ಲಿ ಕೊರೆಯಬಹುದು. ಅದಕ್ಕಿಂತಲೂ ಮುಖ್ಯವಾಗಿ, ಸ್ಲೇಟು ಉಷ್ಣವನ್ನು ನಿಧಾನವಾಗಿ ಸಾಗಿಸುತ್ತದೆ. ತೆಳುವಾದ ಬೊಂಬೆಯ ಕತ್ತಿಯ ತುದಿಯವರೆಗೆ ಲೋಹವು ಹರಿದು ಸೇರುವ ತನಕ ಅದು ದ್ರವವಾಗಿಯೇ ಉಳಿಯಬೇಕು. ಅಚ್ಚು ಬೇಗನೆ ಕಾವನ್ನು ಹೀರಿದರೆ ಆಂಡರ್ಸನ್ನನ ಕುಂಟ ಸಿಪಾಯಿಯೇ ಹೊರಬರುತ್ತಾನೆ. ಬೊಂಬೆಗಳನ್ನು ತೆಳುವಾದ ಮರದ ಪೆಟ್ಟಿಗೆಗಳಲ್ಲಿ ತುಂಬಿ, ಎಣಿಸದೆ ತೂಕದ ಮೇಲೆ ಮಾರುತ್ತಿದ್ದರು. ಬಣ್ಣ ಹಚ್ಚುತ್ತಿದ್ದವರು ಮನೆಯಲ್ಲಿ ಕುಳಿತು ದುಡಿಯುವ ಹೆಂಗಸರು ಮತ್ತು ಮಕ್ಕಳು. ಬೊಂಬೆಯ ಹಿಂದಿನ ಈ ಮಕ್ಕಳನ್ನು ಯಾವ ಸಂಗ್ರಾಹಕನ ಪಟ್ಟಿಯೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. 1839ರಲ್ಲಿ ನೂರೆಂಬರ್ಗಿನಲ್ಲಿ ಕಾರ್ಖಾನೆಯನ್ನು ತೆರೆದ ಅರ್ನ್ಸ್ಟ್ ಹೈನ್ರಿಕ್ಸೆನ್ 30 ಮಿಲಿಮೀಟರನ್ನು ಬೊಂಬೆಯ ಪ್ರಮಾಣಬದ್ಧ ಎತ್ತರವನ್ನಾಗಿ ಮಾಡಿಕೊಂಡನು. ಒಂದು ಮನೆಯ ಸೈನ್ಯವು ಇನ್ನೊಂದು ಮನೆಯ ಸೈನ್ಯದ ಎದುರು ಸರಿಸಮನಾಗಿ ನಿಲ್ಲುವಂತಾದುದು ಆಗಲೇ.

ಚಪ್ಪಟೆಯ ಸಿಪಾಯಿಯಿಂದ ತೃಪ್ತರಾಗದವರು ಮೈತುಂಬಿದ ಸಿಪಾಯಿಯನ್ನು ಬಯಸಿದರು. ಪ್ಯಾರಿಸಿನಲ್ಲಿ ಲುಕಾಟ್, ಅನಂತರ ಮಿನ್ಯೋ ಎಂಬ ಹೆಸರಿನ ಸಂಸ್ಥೆಗಳೂ ಡ್ರೆಸ್ಡನ್ನಿನಲ್ಲಿ ಗಿಯೋರ್ಗ್ ಹೈಡೆಯ ಕಾರ್ಖಾನೆಯೂ ಗಟ್ಟಿ ಎರಕದ ಬೊಂಬೆಗಳಿಗೆ ಪ್ರಸಿದ್ಧವಾದವು. ಅವು ನೋಡಲು ಅಂದ. ಆದರೆ ಬೆಲೆ ಹೆಚ್ಚು. ಇದರ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. 173 ಸೆಂಟಿಮೀಟರ್ ಎತ್ತರದ ಮನುಷ್ಯನನ್ನು 54 ಮಿಲಿಮೀಟರಿಗೆ ಇಳಿಸಿದರೆ ಎತ್ತರವು 32ರಲ್ಲಿ ಒಂದು ಪಾಲಾಗುತ್ತದೆ. ಅಗಲವೂ ದಪ್ಪವೂ ಅಷ್ಟೇ ಪಾಲು ಇಳಿಯುವುದರಿಂದ ಗಾತ್ರವು 32×32×32, ಎಂದರೆ 32,768ರಲ್ಲಿ ಒಂದು ಪಾಲಾಗುತ್ತದೆ. 65 ಕಿಲೋಗ್ರಾಂ ತೂಗುವ ಮನುಷ್ಯನು ಹೀಗೆ ಕುಗ್ಗಿದರೆ ಅವನ ತೂಕ ಸುಮಾರು 2 ಗ್ರಾಂ. ಮನುಷ್ಯನ ದೇಹದ ಸಾಂದ್ರತೆಯು ನೀರಿನಷ್ಟೇ ಸುಮಾರಾಗಿ ಇದೆ. ಸೀಸದ್ದು ನೀರಿನ 11.3ರಷ್ಟು. ಆದುದರಿಂದ ಗಟ್ಟಿ ಸೀಸದ ಸಿಪಾಯಿಯು 22 ಗ್ರಾಮಿಗೆ ಮೇಲ್ಪಟ್ಟು ತೂಗಬೇಕು. ಅವನನ್ನು 500 ಕಿಲೋಗ್ರಾಮಿನ ಕುದುರೆಯ ಮೇಲೆ ಕೂರಿಸಿದರೆ ಕುದುರೆಯದೇ ಸುಮಾರು 170 ಗ್ರಾಂ ಆಗುತ್ತದೆ. ಐವರು ಸವಾರರ ಒಂದು ಪೆಟ್ಟಿಗೆಗೆ ಒಂದು ಕಿಲೋಗ್ರಾಂ ಲೋಹ! ಲೋಹದ ಬೆಲೆ, ಸಾಗಾಣಿಕೆಯ ಬೆಲೆ ಎರಡೂ ಸೇರಿದರೆ ಸಾಮಾನ್ಯರ ಮಗುವಿಗೆ ಅದು ದಕ್ಕುವುದೆಂತು?

ಈ ತೊಡಕನ್ನು ಬಿಡಿಸಿದವನು ಲಂಡನ್ನಿನ ವಿಲಿಯಂ ಬ್ರಿಟನ್. ತಂದೆಯ ಹೆಸರೂ ವಿಲಿಯಂ ಎಂದೇ. ಯಂತ್ರದ ಆಟಿಕೆಗಳನ್ನು ಮಾಡುತ್ತಿದ್ದ ಮನೆತನ ಅದು. 1893ರಲ್ಲಿ ಮಗನು ಟೊಳ್ಳು ಎರಕದ ವಿಧಾನದಿಂದ ಇಂಗ್ಲೆಂಡಿನ ಲೈಫ್ ಗಾರ್ಡ್ಸ್ ಸವಾರರ ಪೆಟ್ಟಿಗೆಯನ್ನು ಹೊರತಂದನು. ವಿಧಾನವು ಕೇಳಲು ಬಹು ಸರಳ. ಲೋಹದ ಅಚ್ಚಿಗೆ ಕರಗಿದ ಸೀಸದ ಮಿಶ್ರಲೋಹವನ್ನು ಸುರಿಯುವುದು. ಮರುಕ್ಷಣವೇ ಅಚ್ಚನ್ನು ಬೋರಲು ಮಾಡುವುದು. ಅಚ್ಚಿನ ಗೋಡೆಗೆ ತಗುಲಿದ ಲೋಹವು ಅಷ್ಟರಲ್ಲಿ ಘನವಾಗಿರುತ್ತದೆ. ಒಳಗಿನದು ಇನ್ನೂ ದ್ರವವಾಗಿರುವುದರಿಂದ ಹೊರಗೆ ಸುರಿದುಹೋಗಿ ಮೂಸೆಗೆ ಮರಳುತ್ತದೆ. ಉಳಿಯುವುದು ಸಿಪಾಯಿಯ ಚರ್ಮ ಮಾತ್ರ. ಇಲ್ಲಿ ಸ್ಲೇಟಿನ ನೀತಿಗೆ ನೇರ ವಿರುದ್ಧವಾದ ನೀತಿಯನ್ನು ವಾಚಕರು ಗಮನಿಸಬೇಕು. ನೂರೆಂಬರ್ಗಿನವನಿಗೆ ಕಾವನ್ನು ಹಿಡಿದಿಡುವ ಅಚ್ಚು ಬೇಕಾಗಿತ್ತು; ಬ್ರಿಟನ್ನನಿಗೆ ಕಾವನ್ನು ಥಟ್ಟನೆ ಹೀರುವ ಅಚ್ಚು ಬೇಕಾಯಿತು. ಕೆಲಸಗಾರನು ಕ್ಷಣ ತಡಮಾಡಿದರೆ ಬೊಂಬೆಯು ಗಟ್ಟಿಯಾಗಿ ಲಾಭವು ಕರಗುತ್ತದೆ. ಆತುರಪಟ್ಟರೆ ಮೈಯಲ್ಲಿ ತೂತು ಬೀಳುತ್ತದೆ. ಗಡಿಯಾರವಿಲ್ಲದೆ, ಕೈಯ ಅಭ್ಯಾಸದಿಂದಲೇ ಆ ಹದವನ್ನು ಹಿಡಿಯುತ್ತಿದ್ದರು.

ತರಗತಿಯಲ್ಲಿ ಇದನ್ನು ನಾವು ಮೇಣದಿಂದ ತೋರಿಸುವುದುಂಟು. ತಣ್ಣೀರಿನ ಬೋಗುಣಿಯಲ್ಲಿ ನಿಲ್ಲಿಸಿದ ಸ್ಟೀಲಿನ ಲೋಟಕ್ಕೆ ಕರಗಿದ ಮೇಣವನ್ನು ಸುರಿದು, ಸ್ವಲ್ಪ ಹೊತ್ತು ಕಾದು, ಲೋಟವನ್ನು ಬಗ್ಗಿಸಿದರೆ ಒಳಗಿನ ಮೇಣವು ಹೊರಗೆ ಹರಿದು, ಗೋಡೆಗಂಟಿದ ಒಂದು ಮೇಣದ ಬಟ್ಟಲು ಉಳಿಯುತ್ತದೆ. ಹೆಚ್ಚು ಹೊತ್ತು ಕಾದರೆ ಬಟ್ಟಲು ದಪ್ಪ. ಹಾಗೆಯೇ ಬಿಟ್ಟರೆ ಮೇಣವು ಪೂರ್ತಿ ಗಟ್ಟಿಯಾಗುವಾಗ ನಡುವೆ ಕುಳಿ ಬೀಳುವುದನ್ನೂ ಕಾಣಬಹುದು. ಹೆಚ್ಚಿನ ವಸ್ತುಗಳಂತೆ ಅದು ಘನವಾಗುವಾಗ ಕುಗ್ಗುತ್ತದೆ. ಈ ಪ್ರಯೋಗವನ್ನು ಸೀಸದಿಂದ ಮಾತ್ರ ಯಾವ ವಿದ್ಯಾರ್ಥಿಯೂ ಮಾಡತಕ್ಕದ್ದಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇವೆ.

ಕುಗ್ಗುವ ಈ ಗುಣವೇ ಎರಕದವನ ಶತ್ರು. ಬರಿಯ ಸೀಸವು ಕುಗ್ಗುವುದಲ್ಲದೆ ಬಹಳ ಮೆದು. ಅದರ ಬಂದೂಕು ಮೊದಲ ದಿನವೇ ಬಾಗೀತು. ಆದುದರಿಂದ ಸೀಸಕ್ಕೆ ಆಂಟಿಮನಿಯನ್ನೂ ಸ್ವಲ್ಪ ತವರವನ್ನೂ ಬೆರಸುತ್ತಿದ್ದರು. ಆಂಟಿಮನಿಯು ಮಿಶ್ರಣವನ್ನು ಗಡುಸು ಮಾಡುತ್ತದೆ, ಕುಗ್ಗುವಿಕೆಯನ್ನು ತಗ್ಗಿಸುತ್ತದೆ. ಹೀಗಾಗಿ ಅಚ್ಚಿನ ಗೆರೆಗಳೆಲ್ಲವೂ ಬೊಂಬೆಯ ಮೇಲೆ ಚೊಕ್ಕಟವಾಗಿ ಮೂಡುತ್ತವೆ. ಮುದ್ರಣಾಲಯಗಳಲ್ಲಿ ಬಹುಕಾಲ ಬಳಸುತ್ತಿದ್ದ ಅಚ್ಚುಮೊಳೆಗಳಿಗೂ ಇವೇ ಮೂರು ಲೋಹಗಳು, ಇದೇ ಕಾರಣಕ್ಕಾಗಿ. ಅಕ್ಷರಗಳೂ ಸಿಪಾಯಿಗಳೂ ಒಂದೇ ಮೂಸೆಯ ಕೂಸುಗಳೆಂದು ನಮಗೆ ತಿಳಿದಾಗ ಆಶ್ಚರ್ಯವೇ ಆಯಿತು.

ಬ್ರಿಟನ್ನನು ತನ್ನ ಕಾಲಾಳಿಗೆ ಗೊತ್ತುಮಾಡಿದ 54 ಮಿಲಿಮೀಟರ್ ಎತ್ತರವು ಆಗಿನ ಒಂದನೆಯ ಗೇಜಿನ ಆಟದ ರೈಲಿಗೆ ಹೊಂದುತ್ತಿತ್ತು. ಆ ರೈಲಿನ ಹಳಿಗಳ ನಡುವೆ 45 ಮಿಲಿಮೀಟರ್. ಅದನ್ನು 32ರಿಂದ ಗುಣಿಸಿದರೆ ನಿಜವಾದ ಇಂಗ್ಲಿಷ್ ರೈಲುಹಾದಿಯ ಅಗಲವು ಹತ್ತಿರ ಹತ್ತಿರ ಬರುತ್ತದೆ. ಆದರೆ ಅಳತೆಯನ್ನು ಎಷ್ಟೇ ನಿಖರವಾಗಿ ಇಳಿಸಿದರೂ ಭೂಮಿಯ ಆಕರ್ಷಣೆಯನ್ನು ಇಳಿಸುವಂತಿಲ್ಲ. ವಸ್ತುವು ಬೀಳಲು ಹಿಡಿಯುವ ಕಾಲವು ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. 32ರ ವರ್ಗಮೂಲವು ಸುಮಾರು 5.7. ಆದುದರಿಂದ ಆಟದ ಸಿಪಾಯಿಯು ನಿಜವಾದವನಿಗಿಂತ ಐದೂವರೆ ಪಟ್ಟಿಗೂ ಬೇಗನೆ ಉರುಳಿಬೀಳುತ್ತಾನೆ. ಸಿನಿಮಾದಲ್ಲಿ ಚಿಕ್ಕ ಮಾದರಿಗಳ ಯುದ್ಧವನ್ನು ಹೆಚ್ಚಿನ ವೇಗದಲ್ಲಿ ಚಿತ್ರಿಸಿ ನಿಧಾನವಾಗಿ ತೋರಿಸುವ ಗುಟ್ಟು ಇದೇ.

ಈ ಅಗ್ಗದ ಸೈನ್ಯವು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರನ್ನು ಮರುಳುಮಾಡಿತೆಂದರೆ ತಪ್ಪಾಗಲಾರದು. ಬ್ರಿಟನ್ನನ ಕಾಲಕ್ಕೂ ಮೊದಲೇ, 1881ರ ಸುಮಾರಿನಲ್ಲಿ, ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್ ಕ್ಷಯದ ಚಿಕಿತ್ಸೆಗೆಂದು ಸ್ವಿಟ್ಸರ್ಲೆಂಡಿನ ದಾವೋಸಿಗೆ ಹೋದಾಗ ಮಲಮಗನೊಡನೆ ನೆಲದ ಮೇಲೆ ಸಿಪಾಯಿಗಳ ಯುದ್ಧವನ್ನು ಹೂಡುತ್ತಿದ್ದನು. ಎಚ್. ಜಿ. ವೆಲ್ಸ್ 1913ರಲ್ಲಿ ಈ ಆಟಕ್ಕೆ ನಿಯಮಗಳನ್ನು ಕಟ್ಟಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕವನ್ನೇ ಬರೆದನು. ಅವನ ಯುದ್ಧದಲ್ಲಿ ಪಗಡೆಯ ದಾಳಕ್ಕೆ ಕೆಲಸವಿರಲಿಲ್ಲ. ಬ್ರಿಟನ್ ಸಂಸ್ಥೆಯ ಸ್ಪ್ರಿಂಗಿನ ಫಿರಂಗಿಯಿಂದ ಒಂದಂಗುಲದ ಮರದ ಗುಂಡನ್ನು ಹಾರಿಸಬೇಕು. ತಗುಲಿ ಬಿದ್ದವನು ಸತ್ತಂತೆ. ಫಿರಂಗಿಯ ಮೂತಿಯನ್ನು ಏರಿಸಲು ಇಳಿಸಲು ತಿರುಪೊಂದಿತ್ತು. ಎಸೆತದ ಕೋನವನ್ನು ಕುರಿತ ನಮ್ಮ ಪಾಠವನ್ನು ಆಟಗಾರರು ಮಂಡಿಯೂರಿಯೇ ಕಲಿಯುತ್ತಿದ್ದರು. ವೆಲ್ಸನು ಯುದ್ಧಪ್ರಿಯನಲ್ಲ. ದೊಡ್ಡ ಯುದ್ಧದ ಹುಚ್ಚು ಇರುವವರನ್ನು ಈ ಚಿಕ್ಕ ಯುದ್ಧದ ಕೋಣೆಯಲ್ಲಿ ಕೂಡಿಹಾಕಬೇಕೆಂಬುದು ಅವನ ಮತವಾಗಿತ್ತು. ಪುಸ್ತಕ ಬಂದ ಮರುವರ್ಷ ಯೂರೋಪು ಹೊತ್ತಿಕೊಂಡಿತು. ವಿನ್ಸ್ಟನ್ ಚರ್ಚಿಲ್ಲನ ಅನುಭವವು ಬೇರೆ. ಬಾಲ್ಯದಲ್ಲಿ ತನ್ನಲ್ಲಿದ್ದ ಸುಮಾರು 1,500 ಸಿಪಾಯಿಗಳನ್ನು ವ್ಯೂಹಗೊಳಿಸಿದ್ದಾಗ ತಂದೆಯು ಬಂದು ಇಪ್ಪತ್ತು ನಿಮಿಷ ಪರಿಶೀಲಿಸಿ, ಸೈನ್ಯಕ್ಕೆ ಸೇರುತ್ತೀಯಾ ಎಂದು ಕೇಳಿದನೆಂದೂ ತನ್ನ ಬದುಕಿನ ದಾರಿ ಅಂದೇ ಗೊತ್ತಾಯಿತೆಂದೂ ಅವನು 1930ರ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಬೊಂಬೆಯನ್ನು ಆಟಕ್ಕಲ್ಲದೆ ಸತ್ಯಶೋಧನೆಗೆ ಬಳಸಹೋಗಿ ಕೈಸುಟ್ಟುಕೊಂಡವನೊಬ್ಬನಿದ್ದಾನೆ. ವಿಲಿಯಂ ಸೈಬೋರ್ನ್ ಎಂಬ ಇಂಗ್ಲಿಷ್ ಸೇನಾಧಿಕಾರಿಗೆ 1830ರಲ್ಲಿ ವಾಟರ್ಲೂ ಯುದ್ಧದ ಮಾದರಿಯನ್ನು ನಿರ್ಮಿಸುವ ಕೆಲಸ ಒದಗಿತು. ಅವನು ತಿಂಗಳುಗಟ್ಟಲೆ ರಣಭೂಮಿಯಲ್ಲಿಯೇ ತಂಗಿದ್ದು ನೆಲವನ್ನು ಅಳೆದನು. ಯುದ್ಧದಲ್ಲಿದ್ದ ಅಧಿಕಾರಿಗಳಿಗೆ ಕಾಗದ ಬರೆದು, ಸಂಜೆ ಏಳು ಗಂಟೆಗೆ ಯಾರ ದಳ ಎಲ್ಲಿತ್ತೆಂದು ವಿಚಾರಿಸಿದನು. ಸರ್ಕಾರವು ನಡುವೆ ಹಣವನ್ನು ನಿಲ್ಲಿಸಿದಾಗ ಸಾಲ ಮಾಡಿ ಮುಂದುವರಿಸಿದನು. 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾದ ಮಾದರಿಯಲ್ಲಿ ಸೆಂಟಿಮೀಟರಿನಷ್ಟು ಎತ್ತರದ ಎಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಲೋಹದ ಸಿಪಾಯಿಗಳಿದ್ದರು. ಆದರೆ ದೊರೆತ ಸಾಕ್ಷ್ಯದಂತೆ ಅವನು ಪ್ರಷ್ಯದ ಸೈನ್ಯವನ್ನು ಬಹಳ ಮುಂದೆ ನಿಲ್ಲಿಸಿದ್ದನು. ಗೆಲುವಿನಲ್ಲಿ ಪ್ರಷ್ಯದವರಿಗೆ ಅಷ್ಟು ಪಾಲು ಕೊಡುವುದು ಡ್ಯೂಕ್ ಆಫ್ ವೆಲಿಂಗ್ಟನ್ನನಿಗೆ ಒಪ್ಪಿಗೆಯಾಗಲಿಲ್ಲ. ಸೈಬೋರ್ನ್ ಕಡೆಗೆ ಸಾವಿರಾರು ಪ್ರಷ್ಯದ ಬೊಂಬೆಗಳನ್ನು ಕಿತ್ತುಹಾಕಬೇಕಾಯಿತು. ಸಾಲವು ತೀರದೆಯೇ 1849ರಲ್ಲಿ ತೀರಿಕೊಂಡನು. ಆ ಮಾದರಿಯು ಲಂಡನ್ನಿನ ರಾಷ್ಟ್ರೀಯ ಸೈನ್ಯ ವಸ್ತುಸಂಗ್ರಹಾಲಯದಲ್ಲಿದೆ. ಕಾಣದ ಆ ಪ್ರಷ್ಯದವರೇ ಅದರ ಅತಿ ಮುಖ್ಯ ಭಾಗವೆಂದು ನಮಗೆ ತೋರುತ್ತದೆ.

ಸಂಗ್ರಹಣೆಯು ಹವ್ಯಾಸವಾಗಿ ರೂಪುಗೊಂಡುದು ಇಪ್ಪತ್ತನೆಯ ಶತಮಾನದಲ್ಲಿ. ಇಂಗ್ಲೆಂಡಿನಲ್ಲಿ 1935ರಲ್ಲಿ ಮಾದರಿ ಸೈನಿಕರ ಸಂಘವೊಂದು ಸ್ಥಾಪಿತವಾಯಿತು. ಜರ್ಮನಿಯ ಕುಲ್ಮ್‌ಬಾಖ್ ಪಟ್ಟಣದ ಪ್ಲಾಸೆನ್‌ಬುರ್ಗ್ ಕೋಟೆಯಲ್ಲಿ ತವರದ ಬೊಂಬೆಗಳಿಗಾಗಿಯೇ ಮೀಸಲಾದ ವಸ್ತುಸಂಗ್ರಹಾಲಯವಿದ್ದು ಅಲ್ಲಿ ಲಕ್ಷಗಟ್ಟಲೆ ಬೊಂಬೆಗಳಿವೆ. ಬ್ರಿಟನ್ ಸಂಸ್ಥೆಯ ಪಟ್ಟಿಯಲ್ಲಿ ಬೆಂಗಾಲ್ ಲ್ಯಾನ್ಸರ್ಸ್, ಗೂರ್ಖಾ ರೈಫಲ್ಸ್, ಬಿಕಾನೇರಿನ ಒಂಟೆಯ ದಳ ಮೊದಲಾದ ಭಾರತೀಯ ಸೈನ್ಯಗಳೂ ಇದ್ದವು. ಸಂಗ್ರಾಹಕನು ಮೊದಲು ಬೊಂಬೆಯ ತಳವನ್ನು ತಿರುಗಿಸಿ ನೋಡುತ್ತಾನೆ. ಅಲ್ಲಿನ ಬರಹ ಮತ್ತು ತಳದ ಆಕಾರಗಳು ಕಾಲವನ್ನು ಹೇಳುತ್ತವೆ. ಮೂಲದ ಕೆಂಪು ಪೆಟ್ಟಿಗೆಯೂ ಇದ್ದರೆ ಬೆಲೆ ಏರುತ್ತದೆ. ಹೊಸದಾಗಿ ಬಣ್ಣ ಹಚ್ಚಿದ್ದರೆ ಇಳಿಯುತ್ತದೆ. ಇದು ಬರಿಯ ಹಟವಲ್ಲ. ಹಳೆಯ ಬಣ್ಣವು ಹಳೆಯ ಕೈಬರಹದಂತೆ ಸಾಕ್ಷ್ಯವಾದುದು.

ಹಾಗಾದರೆ ಸೀಸದ ಸಿಪಾಯಿಯು ಅಂಗಡಿಯಿಂದ ಏಕೆ ಮಾಯವಾದನು? ಸೀಸವು ದೇಹಕ್ಕೆ ವಿಷ. ಮುಖ್ಯವಾಗಿ ಬೆಳೆಯುವ ಮಕ್ಕಳ ಮೆದುಳನ್ನೂ ನರಗಳನ್ನೂ ಅದು ಕೆಡಿಸುತ್ತದೆ. ಇಷ್ಟು ಸೀಸ ಸೇರಿದರೆ ಅಪಾಯವಿಲ್ಲವೆಂದು ಹೇಳಬಹುದಾದ ಮಿತಿಯೇ ಗೊತ್ತಾಗಿಲ್ಲ. ಮಗುವು ಆಟಿಕೆಯನ್ನು ಬಾಯಿಗಿಡುವುದು ಸಹಜ. ಬ್ರಿಟನ್ ಸಂಸ್ಥೆಯು 1966ರಲ್ಲಿ ಟೊಳ್ಳು ಎರಕವನ್ನು ನಿಲ್ಲಿಸಿತು. ಅಮೆರಿಕದಲ್ಲಿ ಆಟಿಕೆಗಳ ಮೇಲಿನ ಸೀಸದ ಬಣ್ಣವನ್ನು 1978ರಲ್ಲಿ ನಿಷೇಧಿಸಲಾಯಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಸಿಪಾಯಿಯು ಅವನ ಸ್ಥಾನವನ್ನು ಆಕ್ರಮಿಸಿದ್ದನು. ಪಾಲಿಥೀನ್ ಸಿಪಾಯಿಯು ಅಗ್ಗ, ಹಗುರ, ಬಿದ್ದರೆ ಮುರಿಯನು. ಆದರೆ ಪಾಲಿಥೀನಿನ ಮೈಗೆ ಬಣ್ಣವು ಅಂಟಿ ನಿಲ್ಲುವುದಿಲ್ಲ. ಬಿಸಿಲೂ ಗಾಳಿಯೂ ತಗುಲಿ ವರ್ಷಗಳು ಕಳೆದರೆ ಅದರ ಉದ್ದನೆಯ ಅಣುಸರಪಳಿಗಳು ತುಂಡಾಗಿ ಮುಟ್ಟಿದರೆ ಮುರಿಯುವಂತಾಗುತ್ತದೆ.

ಲೋಹದ ಸಿಪಾಯಿಗೂ ಮುಪ್ಪು ತಪ್ಪಿದ್ದಲ್ಲ. ಅವನಿಗೆ ಬರುವ ರೋಗಗಳು ಎರಡೆಂದು ಹೇಳುವುದುಂಟು. ಅವುಗಳನ್ನು ಒಂದೆಂದು ಭಾವಿಸಿ ತಪ್ಪು ಚಿಕಿತ್ಸೆ ಮಾಡಿದವರು ಬಹಳ. ಮೊದಲನೆಯದು ತವರದ ಪಿಡುಗು. ಹೊಳೆಯುವ ಬಿಳಿಯ ತವರವು 13.2 ಡಿಗ್ರಿಗಿಂತ ತಂಪಾದಾಗ ಬೂದು ಬಣ್ಣದ ಇನ್ನೊಂದು ರೂಪಕ್ಕೆ ತಿರುಗಬಲ್ಲುದು. ಬೂದು ತವರದಲ್ಲಿ ಪರಮಾಣುಗಳು ವಿರಳವಾಗಿ ಜೋಡಿಸಿಕೊಳ್ಳುವುದರಿಂದ ಸಾಂದ್ರತೆಯು 7.3ರಿಂದ 5.8ಕ್ಕೆ ಇಳಿದು, ಗಾತ್ರವು ಕಾಲು ಭಾಗಕ್ಕೂ ಹೆಚ್ಚಾಗಿ ಹಿಗ್ಗಿ, ಲೋಹವು ಪುಡಿಯಾಗುತ್ತದೆ. ನೆಪೋಲಿಯನ್ನನ ಸೈನಿಕರ ತವರದ ಗುಂಡಿಗಳು 1812ರಲ್ಲಿ ರಷ್ಯದ ಚಳಿಗೆ ಹೀಗೆ ಪುಡಿಯಾದವೆಂಬ ಕಥೆಯನ್ನು ವಾಚಕರು ಕೇಳಿರಬಹುದು. ನಾವು ಅದನ್ನು ನಂಬುವುದಿಲ್ಲ. ಈ ಮಾರ್ಪಾಡು ಅತಿ ನಿಧಾನವಾದುದು. ಸೀಸ, ಆಂಟಿಮನಿಗಳು ಸ್ವಲ್ಪ ಬೆರೆತಿದ್ದರೂ ಸಾಕು, ಅದು ಬಹುಮಟ್ಟಿಗೆ ನಿಂತೇಹೋಗುತ್ತದೆ. ಆಟದ ಸಿಪಾಯಿಯಲ್ಲಿ ಇವೆರಡೂ ಸಾಮಾನ್ಯವಾಗಿ ಇದ್ದೇ ಇವೆ. ಆದುದರಿಂದ ಬೀರುವಿನಲ್ಲಿ ಬೂದು ಅಥವಾ ಬಿಳಿಯ ಪುಡಿಯು ಕಂಡಾಗ ತವರವನ್ನು ದೂರಿ, ಚಳಿಯಾಯಿತೆಂದು ಕೋಣೆಯನ್ನು ಬೆಚ್ಚಗೆ ಮಾಡುವುದರಿಂದ ಪ್ರಯೋಜನವಿಲ್ಲ.

ನಿಜವಾದ ಶತ್ರುವು ಬಹುಪಾಲು ಬೀರುವೇ. ಓಕ್ ಮರವೂ ಇತರ ಅನೇಕ ಮರಗಳೂ, ಕೆಲವು ರಟ್ಟು, ಅಂಟು, ಬಣ್ಣಗಳೂ ಅಸೆಟಿಕ್ ಆಮ್ಲದ ಆವಿಯನ್ನು ಸದಾ ಅತ್ಯಲ್ಪವಾಗಿ ಹೊರಬಿಡುತ್ತಿರುತ್ತವೆ. ವಿನೆಗರಿಗೆ ಹುಳಿಯನ್ನು ಕೊಡುವ ಆಮ್ಲವೇ ಅದು. ಬಾಗಿಲು ಮುಚ್ಚಿದ ಬೀರುವಿನಲ್ಲಿ ಆವಿಯು ಶೇಖರವಾಗಿ ಸೀಸವನ್ನು ಅಸೆಟೇಟನ್ನಾಗಿ ಮಾಡುತ್ತದೆ. ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡುಗಳು ಅದನ್ನು ಬಿಳಿಯ ಕಾರ್ಬನೇಟಾಗಿ ಮಾರ್ಪಡಿಸುತ್ತವೆ. ಆಗ ಆಮ್ಲವು ಬಿಡುಗಡೆ ಹೊಂದಿ ಮತ್ತೆ ಹೊಸ ಸೀಸದ ಮೇಲೆ ಬೀಳುತ್ತದೆ. ಹೀಗೆ ಅತಿ ಸ್ವಲ್ಪ ಆಮ್ಲವು ಇಡೀ ರೆಜಿಮೆಂಟನ್ನು ತಿಂದುಹಾಕಬಲ್ಲುದು. ಹಿಂದೆ ಯೂರೋಪಿನ ಬಣ್ಣದ ತಯಾರಕರು ಸೀಸದ ತಗಡುಗಳನ್ನು ವಿನೆಗರಿನ ಮಡಕೆಗಳ ಮೇಲಿಟ್ಟು ಗೊಬ್ಬರದಲ್ಲಿ ಹೂತು, ಬಿಳಿಯ ಬಣ್ಣವನ್ನು ಬೇಕೆಂದೇ ತಯಾರಿಸುತ್ತಿದ್ದುದು ಇದೇ ಕ್ರಿಯೆಯಿಂದ. ಸಂಗ್ರಾಹಕನು ಬೆಲೆಬಾಳುವ ಓಕ್ ಬೀರುವನ್ನು ಮಾಡಿಸಿ, ಗಾಳಿಯಾಡದಂತೆ ಬಾಗಿಲು ಬಿಗಿಸಿ, ಅದೇ ಕಾರ್ಖಾನೆಯನ್ನು ತನ್ನ ಮನೆಯಲ್ಲಿ ತೆರೆಯುತ್ತಾನೆ. ಟೊಳ್ಳು ಬೊಂಬೆಯ ಗತಿಯು ಇನ್ನೂ ಕಷ್ಟ. ಅದರ ಹೊರಮೈಗೆ ಬಣ್ಣದ ಕವಚವಿದೆ, ಒಳಮೈಗೆ ಏನೂ ಇಲ್ಲ. ರೋಗವು ಒಳಗಿನಿಂದ ಬೆಳೆದು ಹೊರಗೆ ಕಾಣುವ ವೇಳೆಗೆ ಕಾಲವು ಮೀರಿರುತ್ತದೆ.

ಆದುದರಿಂದ ಹಳೆಯ ಸೀಸದ ಬೊಂಬೆಗಳು ಮನೆಯಲ್ಲಿ ಉಳಿದಿದ್ದರೆ ಅವುಗಳನ್ನು ಗಾಜು ಮತ್ತು ಉಕ್ಕಿನ ಕಪಾಟಿನಲ್ಲಿ, ಒಣಗಿದ ಜಾಗದಲ್ಲಿ, ಸ್ವಲ್ಪ ಗಾಳಿಯಾಡುವಂತೆ ಇಡಬೇಕು. ಮೂಲದ ರಟ್ಟಿನ ಪೆಟ್ಟಿಗೆಯನ್ನು ಬೇರೆಯಾಗಿ ಕಾಪಾಡಬೇಕು. ರೋಗ ತಗುಲಿದ ಬೊಂಬೆಯನ್ನು ಉಳಿದವುಗಳಿಂದ ಬೇರ್ಪಡಿಸಬೇಕು. ಅದಕ್ಕೆ ಹೊಸ ಬಣ್ಣ ಬಳಿದರೆ ರೋಗವು ಮರೆಯಾಗುವುದೇ ಹೊರತು ನಿಲ್ಲುವುದಿಲ್ಲ. ಆ ಬಿಳಿಯ ಪುಡಿಯೂ ಸೀಸವೇ. ಅದನ್ನು ಬಾಯಿಂದ ಊದಬಾರದು, ಗುಡಿಸಬಾರದು. ಕಪಾಟನ್ನು ಒದ್ದೆ ಬಟ್ಟೆಯಿಂದ ಒರಸಿ, ಬಟ್ಟೆಯನ್ನು ಎಸೆದು, ಸಾಬೂನಿನಿಂದ ಕೈ ತೊಳೆದುಕೊಂಡ ಮೇಲೆಯೇ ಊಟಕ್ಕೆ ಕುಳಿತುಕೊಳ್ಳಬೇಕು.